ಒಂದು ಒತ್ತು

ಐದಕ್ಕಿಂತ ಕಡಿಮೆ ಮಾಡಿಕೊಡುವುದಿಲ್ಲವಂತೆ.
ನನಗೆ ಬೇಕಿದ್ದದ್ದು ಒಂದು.
ಸೊಲ್ಲಾಪುರದ ಅಕ್ಕಲಕೋಟೆ ರಸ್ತೆಯಲ್ಲಿ
ನಮ್ಮ ಕಾರಖಾನೆಯ ಹದಿನಾಲ್ಕನೇ ನಂಬರ್ ಮಗ್ಗಕ್ಕೆ,
ಎಳೆ ಹರಿದರೆ ಮೋಟರು ನಿಲ್ಲಿಸುವ
ಬೆಂಕಿಪೆಟ್ಟಿಗೆಯಷ್ಟು ಅಗಲದ ಒಂದೇ ಒಂದು ಬೋರ್ಡು.

ಮೊದಲೆಲ್ಲ ಮನೆಯಲ್ಲೇ ಮಾಡುತ್ತಿದ್ದೆ.
ತಾಮ್ರದ ತಗಡಿನ ಮೇಲೆ ಕಪ್ಪು ಮಾರ್ಕರಿನಲ್ಲಿ ದಾರಿ ಬರೆದು
ಬಚ್ಚಲಲ್ಲಿ, ಪ್ಲಾಸ್ಟಿಕ್ ತಾಟಿನೊಳಗೆ ಫೆರಿಕ್ ಕ್ಲೋರೈಡ್ ಕದಡಿ
ಕೂಸನ್ನು ತೂಗಿದ ಹಾಗೆ ತೂಗುತ್ತ ಕೂತರೆ
ಮಸಿ ಕಾಯ್ದಷ್ಟು ತಾಮ್ರ ಉಳಿಯುತ್ತಿತ್ತು,
ಮಿಕ್ಕದ್ದು ನೀರಾಗುತ್ತಿತ್ತು.
ಶಶಿಕಲಾಳ ಎರಡು ಸೀರೆ, ಬಚ್ಚಲ ಬಿಳಿ ಕಲ್ಲು,
ನನ್ನ ಹತ್ತೂ ಉಗುರು ಅರಿಸಿನ ಬಣ್ಣ.
"ಎರಡನೇ ಮದಿವಿ ಏನ್ರಿ ಮಿಸ್ತ್ರಿ?"
ಎಂದು ಕಂಡಿಕೆ ಸುತ್ತುವ ಹುಡುಗಿಯರು ನಗುತ್ತಿದ್ದರು.

ಈ ಸಲ ಕಂಪ್ಯೂಟರಿನಲ್ಲಿ ಎಳೆದೆ, ಹನ್ನೊಂದು ರಾತ್ರಿ.
ಒಂದು ದಾರಿಯನ್ನು ಇನ್ನೊಂದು ಮುಟ್ಟಕೂಡದು.
ಮುಟ್ಟದೆ ದಾಟುವುದು ಹೇಗೆ?
ಏಳನೇ ರಾತ್ರಿ ಹೊಳೆಯಿತು, ಅಥವಾ
ಇಪ್ಪತ್ತೆರಡು ವರ್ಷ ಎದುರಿಗೇ ಇದ್ದದ್ದು ಕಣ್ಣಿಗೆ ಬಿತ್ತು:
ಮೇಲ್ಮೈಯಲ್ಲಿ ಹಾಸು, ಕೆಳಮೈಯಲ್ಲಿ ಹೊಕ್ಕು,
ನಡುವೆ ಸೂಜಿಮೊನೆಯ ತೂತು ಕೊರೆದು
ಇಲ್ಲಿ ಮುಳುಗಿ ಅಲ್ಲಿ ಎದ್ದರೆ ಆಯಿತು.
ಚಾದರ ನೇಯುವ ಊರಿನಲ್ಲಿ ಇಷ್ಟು ಕಲಿಯಲು
ನನಗೆ ಏಳು ರಾತ್ರಿ ಬೇಕಾಯಿತಲ್ಲ.

ಮೂಲೆಯಲ್ಲಿ ಒಂದಿಷ್ಟು ಜಾಗ ಮಿಕ್ಕಿತ್ತು.
ಬಿಳಿ ಮಸಿಯಲ್ಲಿ ಬರೆದೆ: ನೀಲವ್ವ.
ಹದಿನಾಲ್ಕನೇ ಮಗ್ಗ ಅವಳದು.
ಕಿವಿಯನ್ನು ಮಗ್ಗಕ್ಕೇ ಕೊಟ್ಟಾಗಿದೆ;
ಎಳೆ ಹರಿದದ್ದು ಅವಳಿಗೆ ಗೊತ್ತಾಗುವುದು ಅಂಗಾಲಿನಿಂದ,
ಅದಕ್ಕೇ ಚಪ್ಪಲಿ ಮೆಟ್ಟುವುದಿಲ್ಲ.
ಬೋರ್ಡು ನೀಲಿ ಬೇಕೆಂದರೆ ಮೂರು ದಿನ ತಡ ಎಂದಿತ್ತು.
ಹಸಿರೇ ಇರಲಿ ಎಂದೆ.

ನಾಲ್ಕನೇ ದಿನ ಪತ್ರ, ಚೀನಾದಿಂದ. ಯಾರೋ ಎಂಜಿನಿಯರು:
"ಮೂಲೆಯಲ್ಲಿ ಬಳ್ಳಿಯಂಥ ಚಿತ್ರವಿದೆ. ಬೇಕೆಂದೇ ಇಟ್ಟದ್ದೋ?
ಅದರ ತುದಿ ಬೆಸುಗೆಯ ಜಾಗಕ್ಕೆ ತಾಗುತ್ತದೆ. ಕತ್ತರಿಸಬಹುದೆ?"
ಚಿತ್ರವಲ್ಲ, ಹೆಸರು ಎಂದು ಬರೆದೆ.
ತುದಿ ಎಂದರೆ ಎಷ್ಟು ಎಂದು ಕೇಳಲಿಲ್ಲ.
ಸರಿ ಎಂದೆ.

ಇಪ್ಪತ್ಮೂರು ದಿನ. ಬೋರ್ಡಿನ ದುಡ್ಡಿಗಿಂತ
ಸುಂಕದ ದುಡ್ಡು ಹೆಚ್ಚು. ಟಪಾಲಿನ ದತ್ತು ಕಾಂಬಳೆ
ಪೊಟ್ಟಣ ಅಲ್ಲಾಡಿಸಿ "ಬಿಸ್ಕಿಟ್ ಆಹೇ ಕಾ?" ಎಂದ.
ಗಾಳಿ ತೆಗೆದ ಪ್ಲಾಸ್ಟಿಕ್ಕಿನೊಳಗೆ ಐದು,
ಅಂಚು ನುಣ್ಣಗೆ, ತೂತುಗಳ ಸುತ್ತ ಬೆಳ್ಳಿಯುಂಗುರ.
ಎಡಗೈಯಲ್ಲಿ ಹಿಡಿದುಕೊಂಡೇ ಉಂಡೆ.

ಟ್ರಾನ್ಸಿಸ್ಟರಿನ ಕಾಲು ತಿರುಗಾಮುರುಗಾ ಬರೆದಿದ್ದೆ ಎಂಬುದು
ಆಮೇಲೆ ತಿಳಿಯಿತು. ತಪ್ಪಿಗೂ ಐದು ಪ್ರತಿ.
ಒಂದರಲ್ಲಿ ಅದನ್ನು ಮುಖ ತಿರುಗಿಸಿ ಕೂರಿಸಿ ಬೆಸೆದೆ.
ಇನ್ನೊಂದರ ಮೇಲೆ ಶಶಿಕಲಾ ಆಗಲೇ ಚಹಾದ ಕಪ್ಪು ಇಟ್ಟಿದ್ದಳು.

ಸೋಮವಾರ ಮಗ್ಗಕ್ಕೆ ಕಟ್ಟಿ,
ಓಡುವ ಹಾಸಿನಲ್ಲಿ ಒಂದು ಎಳೆಗೆ ಕತ್ತರಿ ಹಾಕಿದೆ.
ಮಗ್ಗ ನಿಂತಿತು.
ನೀಲವ್ವ ನನ್ನತ್ತ ನೋಡಲಿಲ್ಲ,
ತನ್ನ ಅಂಗಾಲು ನೋಡಿಕೊಂಡಳು.

ಆಮೇಲೆ ಬೋರ್ಡಿಗೆ ಮೂಗು ತಾಗುವಷ್ಟು ಬಗ್ಗಿ
ಕೂಡಿಸಿ ಕೂಡಿಸಿ ಓದಿದಳು:
"ನೀ... ಲ... ವ. ಯಾರಪಾ ಈಕಿ?"
ಒತ್ತು ಇರಲಿಲ್ಲ. ಐದರಲ್ಲೂ ಇರಲಿಲ್ಲ.
"ಮೂರನೇ ಇಯತ್ತೆ ಓದಾಕಿ ನಾ. ಖರೇ, ಇಲ್ಲೊಂದು ಎಳಿ ಹರದದ.
ನಿನ್ನ ಯಂತ್ರಕ್ಕ ತಿಳೀಲಿಲ್ಲೇನು?"

ಜೇಬಿನಲ್ಲಿ ಆ ಹಳೆಯ ಕಪ್ಪು ಮಾರ್ಕರು ಇನ್ನೂ ಇತ್ತು.
ಕಸಿದುಕೊಂಡು, ನಿಂತ ಮಗ್ಗದ ಮೇಲೆ ಮೊಣಕೈ ಊರಿ,
'ವ'ದ ಬುಡಕ್ಕೆ ಒತ್ತು ಕೊಟ್ಟಳು.
ಅದು ಬಿದ್ದದ್ದು ಬೆಸುಗೆಯ ಮೇಲೆ.
ನಿಲ್ಲಲಿಲ್ಲ, ಹೆಬ್ಬೆರಳಿಗೆ ಹತ್ತಿತು.
ಹೆಬ್ಬೆರಳು ಸೆರಗಿಗೆ ಒರೆಸಿ
ಮತ್ತೆ ಬರೆದಳು.