ಹೊಕ್ಕುಳಿನ ಬಲಕ್ಕೆ

ಮೂವತ್ತಾರು ತುಂಬಿದರೂ ಇನ್ನೂ ವಿದ್ಯಾರ್ಥಿನಿ ನಾನು.
ಎಂಎಸ್ ಆಯಿತು, ಎಂಸಿಎಚ್ ಆಯಿತು,
ಈಗ ಫೆಲೋಶಿಪ್ಪು: ಮೂತ್ರಕೋಶ, ಮೂತ್ರಪಿಂಡ, ಪ್ರಾಸ್ಟೇಟು,
ಅಲ್ಲಿ ಕಚ್ಚಿ ಕೂತ ಏಡಿಗಂತಿ.
"ಇನ್ನೆಷ್ಟು ಓದ್ತೀಯವ್ವ?" ಎನ್ನುತ್ತಾಳೆ
ಪಿ.ಜೆ. ಬಡಾವಣೆಯ ಮನೆಯೊಡತಿ, ನೀರಿನ ಮೋಟರು ಹಾಕುತ್ತ.

ಬೆರಳಾಡಿಸಿದರೆ ಬಳುಕುವ ಯಂತ್ರದ ಮಣಿಕಟ್ಟು,
ಹತ್ತು ಪಟ್ಟು ಹಿಗ್ಗಿ ಕಾಣುವ ನರದ ಎಳೆ,
ಗೇಣು ಕರುಳು ಕೊಯ್ದು ಉಚ್ಚೆಗೆ
ಹೊಸ ದಾರಿ ಮಾಡುವ ಬಗೆ,
ಇವನ್ನು ಕಲಿಯಲು ಬಂದೆನೆಂದುಕೊಂಡಿದ್ದೆ.

ಮೊದಲ ವಾರ ಡಾಕ್ಟರ್ ಇಂದುಧರ ಕೈಗಿಟ್ಟದ್ದು
ಒಂದು ಚೀಲ, ಒಂದು ಅಂಟುಬಿಲ್ಲೆ.
"ನೀರು ತುಂಬಿಸು. ಹೊಕ್ಕುಳಿನ ಬಲಕ್ಕೆ ಅಂಟಿಸಿಕೋ.
ನಾಳೆ ಇದೇ ಹೊತ್ತಿಗೆ ಬಿಚ್ಚು."
ನಕ್ಕೆ. ಅವರು ನಗಲಿಲ್ಲ.

ಹಾಗೇ ಸುತ್ತಿದೆ ದಾವಣಗೆರೆ.
ಚೂಡಿದಾರದ ಲಾಡಿ ಸರಿಯಾಗಿ ಅದರ ಮೇಲೇ ಬಿಗಿಯಿತು.
ಹೋಟೆಲಿನಲ್ಲಿ ದೋಸೆಯ ಮೇಲೆ ಬೆಣ್ಣೆ ಕರಗುತ್ತಿತ್ತು,
ಬಗ್ಗಿ ತುತ್ತು ಮುರಿದರೆ ಹೊಟ್ಟೆಯ ಮೇಲೆ
ಬೆಕ್ಕಿನ ಮರಿ ಮಗ್ಗುಲು ಬದಲಿಸಿದ ಹಾಗೆ.
ಹರಿಹರದ ಬಸ್ಸಿನಲ್ಲಿ ಯಾರದೋ ಮೊಣಕೈ ತಗುಲಿತು,
ಎರಡೂ ಕೈ ಅಲ್ಲಿಗೇ ಓಡಿದವು.
ಒಡೆದೀತೆಂದಲ್ಲ, ನಾರೀತೇ ಎಂದು.
ಒಳಗಿದ್ದದ್ದು ಬರೀ ನಲ್ಲಿ ನೀರು!
ರಾತ್ರಿಯಿಡೀ ಬಲಮಗ್ಗುಲಾಗಲಿಲ್ಲ.
ಬೆಳಗ್ಗೆ ಹಾಸಿಗೆ ಒದ್ದೆ.
ಯಾರಿಗೂ ಹೇಳದೆ ಒಗೆದು
ತಾರಸಿಯ ಹಿಂದಿನ ತಂತಿಗೆ ಹಾಕಿದೆ, ಕಳ್ಳಿಯ ಹಾಗೆ.

ಹದಿನಾಲ್ಕನೇ ಹಾಸಿಗೆಯ ಗೋಣೆಪ್ಪ
ಕಾಟನ್ ಮಿಲ್ಲಿನ ಬಣ್ಣದ ಖಾತೆಯಲ್ಲಿದ್ದವನು.
ಮಿಲ್ಲು ಸೈಟುಗಳಾಗಿ, ಸೈಟು ಮನೆಗಳಾಗಿ
ಎಷ್ಟೋ ಕಾಲವಾಯಿತು.
"ಮೊದಲ್ನೇ ಸಲ ಕೆಂಪಗೆ ಹೋದಾಗ ಹೆದರಲಿಲ್ರೀ ಡಾಕ್ಟ್ರಮ್ಮ,
ಮಿಲ್ಲಿನ ಬಣ್ಣ ಈಗ ಇಳೀತೈತೇನೋ ಅಂದ್ಕಂಡೆ."
ಎಂಟು ತಿಂಗಳು ಹಾಗೇ ಅಂದುಕೊಂಡ.
ಬಣ್ಣದಿಂದಲಾ, ಬೀಡಿಯಿಂದಲಾ ಎಂದು ಕೇಳಿದ.
ಎರಡೂ ಇರಬಹುದು ಎಂದೆ.
ಪುಸ್ತಕದಲ್ಲಿರುವುದೂ ಅಷ್ಟೇ.

ನಾಳೆ ಅವನ ಮೂತ್ರಕೋಶ ತೆಗೆಯಬೇಕು.
ಇವತ್ತಿನ ಕೆಲಸ ಒಂದು ಚುಕ್ಕೆ, ಮಾರ್ಕರ್ ಪೆನ್ನಿನಿಂದ,
ಕರುಳಿನ ಬಾಯಿ ಹೊರಬರುವ ಕಡೆ.
ಮಲಗಿದ್ದಾಗ ಸರಿ ಕಂಡದ್ದು
ಕುಂತಾಗ ಹೊಟ್ಟೆಯ ಮಡಿಕೆಯಲ್ಲಿ ಮುಳುಗಿತು.
ಸ್ಪಿರಿಟ್ಟಿನ ಹತ್ತಿಯಿಂದ ಅಳಿಸಿದೆ.
"ಪಂಚೆ ಎಲ್ಲಿಗೆ ಕಟ್ತೀರಿ, ಕಟ್ಟಿ ತೋರಿಸಿ."
ಅವನು ಹಾಲಮ್ಮನನ್ನು ನೋಡಿದ,
ಸಿಸ್ಟರ್ ಸುವಾರ್ತಮ್ಮ ಪರದೆ ಎಳೆದಳು.
ಕಟ್ಟಿದ. ಎಲೆಯಡಿಕೆ ಸಂಚಿ ಸಿಕ್ಕಿಸುವ ಜಾಗಕ್ಕೆ
ಸಂಚಿಯಿಲ್ಲದಿದ್ದರೂ ಬೆರಳು ತಾನೇ ಹೋಯಿತು,
ನನ್ನ ಚುಕ್ಕೆಯ ಮೇಲೇ.
ಮತ್ತೆ ಅಳಿಸಿದೆ.
"ಊಟಕ್ಕೆ ಹೇಗೆ ಕೂರ್ತೀರಿ?"
ನೆಲದ ಮೇಲೆ ಚಕ್ಕಳಮಕ್ಕಳ ಹಾಕಿದ,
ಫಿನಾಯಿಲು ವಾಸನೆಯ ನೆಲ, ಎದುರಿಗೆ ನಾನೂ ಕುಂತೆ.
"ಕಾಣ್ತದಾ? ದಿನಾ ನೀವೇ ನೋಡಿ ಚೀಲ ಹಾಕ್ಕೋಬೇಕು."
"ಕೊಡ್ರಿ ಇಲ್ಲಿ," ಎಂದು ಪೆನ್ನು ಇಸಕೊಂಡ.
ಥಾನಿನ ಅಂಚಿಗೆ ಗುರುತು ಹಾಕುತ್ತಿದ್ದ ಕೈ.
ಗದ್ದ ಎದೆಗೊತ್ತಿ, ಒಂದು ಕಣ್ಣು ಕಿರಿದು ಮಾಡಿ
ಇಟ್ಟ, ನನ್ನದಕ್ಕಿಂತ ಒಂದು ಬೆರಳು ಮೇಲೆ.

ಸಂಜೆ ಇಂದುಧರ ಕನ್ನಡಕ ಏರಿಸಿ ನೋಡಿದರು.
"ಯಾರು ಹಾಕಿದ್ದು?"
"ಅವರೇ, ಸರ್."
ಹೂಂ ಎಂದು ಹದಿನೈದನೇ ಹಾಸಿಗೆಗೆ ನಡೆದರು.
ಎರಡು ವರ್ಷದಲ್ಲಿ ಅವರು ನನ್ನ ಹೊಗಳಿದ್ದರೆ
ಅದು ಆ ಹೂಂ.

ಹಾಲಮ್ಮ ಕಾಫಿಗೆ ಹೋದದ್ದು ನೋಡಿ
ಗೋಣೆಪ್ಪ ದನಿ ತಗ್ಗಿಸಿದ:
"ರಾತ್ರಿ ಹಾಸಿಗೀಲಿ ಸೋರ್ತೈತಾ?"
ಇಲ್ಲ ಎನ್ನುವುದಿತ್ತು.
ತಾರಸಿಯ ತಂತಿ ನೆನಪಾಯಿತು.
"ಒಂದೆರಡು ಸಲ ಸೋರ್ತದೆ," ಎಂದೆ, "ನನಗೂ ಸೋರಿತ್ತು."

ನನ್ನ ಸೊಂಟದತ್ತ ಒಮ್ಮೆ ನೋಡಿದ,
ಏನೋ ಕೇಳಹೊರಟು ಬಿಟ್ಟ.
"ಹಂಗಾರೆ ಆತು ಬಿಡ್ರಿ," ಎಂದು
ಹೊದಿಕೆ ಎಳೆದು ಬಲಮಗ್ಗುಲಾದ.
ಈ ರಾತ್ರಿ ಅದಕ್ಕೆ ಅಡ್ಡಿಯಿಲ್ಲ.