ಉಪ್ಪಿಲ್ಲದ ದಂಡಿ

ಹತ್ತಿ ಮಿಲ್ಲಿನ ಮೋಟರು ಸುಟ್ಟಿದ್ದು ರಾತ್ರಿ ಪಾಳಿಯೊಳಗ.
ಮುಂಜಾನಿ ಗೇಟಿಗೆ ಹೋದ್ರ
ಇವತ್ತು ಕೆಲಸಿಲ್ಲ, ಪಗಾರಿಲ್ಲ, ಅಂದ ಮುನೀಮ.
ಬುತ್ತಿ ಆಗಲೇ ಕಟ್ಟಿತ್ತು.
ಕಟ್ಟಿದ ಬುತ್ತಿ ಮನೀಗೆ ಒಯ್ದು ಬಿಚ್ಚೋದು
ಯಾಕೋ ಸೋತಂಗ ಅನಸ್ತು.

ಆಧಾರ ಕಾರ್ಡ್ ತೋರಿಸಿದ್ರ ಬಸ್ಸು ಪುಕ್ಕಟೆ ಅದ ಬೇ,
ಅಂದಳು ಚಾಂದಬೀ. ಎಲ್ಲಿಗೆ ಅಂತ ಯಾರೂ ಕೇಳಲಿಲ್ಲ.
ಶಹಾಪುರದ ಗುಡ್ಡ ಮಲಗೇ ಇತ್ತು,
ನಾವು ನಾಲ್ಕು ಮಂದಿ ಕಿಟಕಿಗೆ ಜಗಳಾಡ್ತಾ
ಸುರಪುರ ದಾಟಿ ತಿಂಥಣಿ ಬ್ರಿಜ್ಜಿನಾಗ ಇಳದಿವಿ.
ಮೂಗಿನ ಹೊಳ್ಳಿಯೊಳಗ ಇನ್ನೂ ಹತ್ತಿಯ ಎಳಿ.
ದೇವಿಂದ್ರಮ್ಮ ಸೀನಿದಳು.
ಹೊಳಿಗೆ ಅದೇ ನಮ್ಮ ಮೊದಲ ಶರಣು.

ನಡುನೀರಿನೊಳಗ ಒಂದು ಗಡ್ಡಿ. ಹೆಸರಿಲ್ಲ,
ಇದ್ರೂ ಹರಗೋಲಿನ ತಾಯಪ್ಪಗ ಗೊತ್ತಿಲ್ಲ.
ಕಲ್ಲಿನ ಮ್ಯಾಲ ಕಲ್ಲು, ನಡಕ್ಕ ಒಂದು ಹುಣಸಿಗಿಡ,
ಗಿಡದ ತುಂಬ ಬೆಳ್ಳಕ್ಕಿ.
ತಲಿಗೆ ಇಪ್ಪತ್ತು, ಅಂದ ತಾಯಪ್ಪ.
ನಾಲ್ಕೂ ತಲಿ ಕೂಡಿ ಐವತ್ತು, ಅಂದಳು ದೇವಿಂದ್ರಮ್ಮ,
ಇವಳದು ಅರ್ಧಾ ತಲಿ, ಎಣಿಸಬ್ಯಾಡ ಅಂತ ನನ್ನ ತೋರಿಸಿ.
ಹರಗೋಲು ಗಿರ್ರನ ಒಂದು ಸುತ್ತು ತಿರುಗಿ
ಬಿಟ್ಟ ದಂಡಿ ಮತ್ತೊಮ್ಮೆ ನೋಡಿ
ಆಮ್ಯಾಲ ನಮ್ಮನ್ನ ಒಯ್ತು.
ಚಾಂದಬೀ ಕಣ್ಣು ಮುಚ್ಚಿ ಏನೋ ಓದಿದಳು,
ತೆರೆದಾಗ ಕಾಲಡಿಗೆ ಉಸುಕಿತ್ತು.

ನೀರನಾಯಿ ಕಂಡವು, ಎರಡು.
ತಲಿ ಬೋಳಿಸಿದ ಹುಡುಗರಂಗ ಎದ್ದು ನೋಡಿ,
ಇವರ ಹತ್ರ ಏನಿಲ್ಲ ಅಂತ ತಿಳಿದೋ ಏನೋ
ಮುಳುಗಿಬಿಟ್ವು.

ಮರೆಮ್ಮ ಮಾತ್ರ ನಗಲಿಲ್ಲ.
ಸೀರಿ ಮೊಣಕಾಲಿಗೆ ಎತ್ತಿ ಕಟ್ಟಿ
ನೀರಿನ ಅಂಚು ಹಿಡಿದು ಹೊಂಟಳು,
ಒಂದು ಕಾಲು ಒದ್ದಿ, ಒಂದು ಕಾಲು ಒಣ.
ಹುಣಸಿಗಿಡದ ಆಚೆ ಮರಿಯಾಗಿ
ಈ ಕಡಿಯಿಂದ ಬಂದಳು. ಮತ್ತ ಹೊಂಟಳು.
ಯಾಕಬೇ, ಏನರ ಕಳದದೇನು?
ಮೂರನೇ ಸುತ್ತಿಗೆ ನಿಂತಳು.

ಗೋವಾದಾಗ ಎಂಟು ತಿಂಗಳ ಇದ್ವಿ.
ಹೋಟೆಲ್ ಕಟ್ಟಿದ್ವಿ, ಏಳು ಅಂತಸ್ತು.
ಸಮುದ್ರ ತಗಡಿನ ಆಚೆ ಇತ್ತು.
ರಾತ್ರಿಯೆಲ್ಲಾ ಭರ್ ಅಂತಿತ್ತು,
ಅದಕ್ಕ ನನಗ ಈಗೂ ಮಷಿನ್ ಸಪ್ಪಳದಾಗ ನಿದ್ದಿ ಬರ್ತದ.
ಮೇಸ್ತ್ರಿ ಹೊರಗ ಬಿಡ್ತಿರಲಿಲ್ಲ.
ಸಿಮೆಂಟಿಗೆ ನೀರು ಹೊತ್ತೆ, ನೀರು ನೋಡಲಿಲ್ಲ.
ಊರಿಗೆ ಬಂದಾಗ ಎಲ್ಲಾರೂ ಕೇಳಿದ್ರು,
ಸಮುದ್ರ ಹ್ಯಾಂಗದ?
ದೊಡ್ಡದದ, ಅಂದೆ.

ಯಾರೂ ಏನೂ ಅನಲಿಲ್ಲ. ಬುತ್ತಿ ಬಿಚ್ಚಿದಿವಿ.
ಕಟಕರೊಟ್ಟಿ, ಪುಂಡಿಪಲ್ಯ,
ಚಾಂದಬೀಯ ಡಬ್ಬಿಯೊಳಗ ಹುರಿದ ತತ್ತಿ.
ಗಡ್ಡಿ ಮ್ಯಾಲ ಕುಂತು ತಾಯಪ್ಪ
ಉಳ್ಳಾಗಡ್ಡಿ ಗುದ್ದಿ ಕೊಟ್ಟ.
ಪೇಪರಿನ ಪುಡಿಕಿಯೊಳಗ ಒಂದೀಟು ಉಪ್ಪು.
ಮರೆಮ್ಮ ಒಂದು ಚಿಟಿಕಿ ಎತ್ತಿ
ಅಂಗೈ ನೀರಿಗೆ ಹಾಕಿ ಕುಡದಳು.
ನಾವು ಅವಳ ಬಾಯಿ ನೋಡ್ತಿದ್ವಿ.
ಕಡಿಮಿ ಆತು, ಅಂದಳು.
ಮತ್ತೊಂದು ಚಿಟಿಕಿ.
ಆಮ್ಯಾಲ ಪುಡಿಕಿ ಎಲ್ಲಾರ ಕೈ ಸುತ್ತಿತು.
ಥೂ, ಅಂದಳು ದೇವಿಂದ್ರಮ್ಮ,
ಇದಕ್ಕೇನು ಮಂದಿ ರೊಕ್ಕ ಕೊಟ್ಟು ಹೋಗ್ತಾರ?
ನಮ್ಮ ನಗಿಗೆ ಗಿಡದಾಗಿನ ಬೆಳ್ಳಕ್ಕಿ
ಒಮ್ಮೆಲೆ ಎದ್ದು ಹೋದ್ವು, ಮಿಲ್ಲಿನ ಅರಳಿ ಹಾರಿದಂಗ.
ಉಳ್ಳಾಗಡ್ಡಿ ಸಪ್ಪಗೇ ತಿಂದಿವಿ.

ಸಂಜಿ ಬಸ್ಸಿನಾಗ ಕಂಡಕ್ಟರು
ಸೊನ್ನಿ ಬರೆದ ನಾಲ್ಕು ಟಿಕೇಟು ಹರದು ಕೊಟ್ಟ.
ಮರೆಮ್ಮ ತನ್ನದು ಮಡಚಿ ಕುಬಸದೊಳಗ ಇಟ್ಕೊಂಡಳು.
ಸುರಪುರದ ಹತ್ರ ಮುನೀಮನ ಫೋನು:
ಮೋಟರ್ ಬಂದದ, ರಾತ್ರಿ ಪಾಳಿಗೆ ಬರ್ರಿ,
ಎಲ್ಲಿದ್ದೀರಿ, ಅದೇನು ಸಪ್ಪಳ?
ಬಸ್ಸು ಭರ್ ಅಂತಿತ್ತು.
ನನ್ನ ಭುಜದ ಮ್ಯಾಲ ಮರೆಮ್ಮ ಮಲಗಿದ್ದಳು,
ಬಾಯಿ ತುಸು ತೆರೆದು, ಹಿಮ್ಮಡದಾಗ ಉಸುಕು.
ಕೇಳಸವಲ್ಲದು ಸಾವ್ಕಾರ, ಅಂದೆ.