ಸೂಚನಾ ಫಲಕದ ಕರಡು

ಸಭೆಗೆ ಹತ್ತು ನಿಮಿಷ ತಡವಾಗಿ ಹೋದ ತಪ್ಪಿಗೆ
ಉದ್ಯಾನ ಸಮಿತಿ ನನ್ನ ತಲೆಗೆ ಬಿತ್ತು.
ರಸಾಯನಶಾಸ್ತ್ರದವಳು ನಾನು,
ಗೊಬ್ಬರದ ಸೂತ್ರ ಗೊತ್ತಿತ್ತು, ವಾಸನೆ ಗೊತ್ತಿರಲಿಲ್ಲ.

ಪ್ರಿನ್ಸಿಪಾಲರೆಂದರು: ಒಂದು ಬೋರ್ಡು ಬರೆಸಿ ಮೇಡಂ,
ವಿದ್ಯಾರ್ಥಿಗಳು ತೋಟವನ್ನು ಹೇಗೆ ಆನಂದಿಸಬೇಕು, ಅಂತ.
ಹತ್ತು ಸಾಲು ಸಾಕು. ಹಸಿರು ಹಿನ್ನೆಲೆ, ಬಿಳಿ ಅಕ್ಷರ.

ಆನಂದಿಸ‘ಬೇಕು’.
ಆ ಬಾಲ ಅಂಟಿದ ಕೂಡಲೇ
ಪೆನ್ನು ಅಲ್ಲೇ ನಿಂತಿತು.

ಗೇಟಿನ ಬಳಿ ಹಳೆಯದೊಂದು ಬೋರ್ಡಿತ್ತು:
ಹೂ ಕೀಳಬಾರದು
ಹುಲ್ಲು ತುಳಿಯಬಾರದು
ಜೋಡಿಯಾಗಿ ಕೂರಬಾರದು
ಪೈಪಿನ ನೀರು ಬಿದ್ದೂ ಬಿದ್ದೂ ಬಲಬದಿಗೆ ತುಕ್ಕು ಹಿಡಿದು
ಬಾರದುಗಳೆಲ್ಲ ಉದುರಿವೆ.
ಈಗ ಓದಲು ಸಿಗುವುದು ಇಷ್ಟೇ:
ಹೂ ಕೀಳ
ಹುಲ್ಲು ತುಳಿಯ
ಜೋಡಿಯಾಗಿ ಕೂರ

ಸರಿ, ನೋಡಿಯೇ ಬರೆಯೋಣವೆಂದು
ಲ್ಯಾಬಿನ ಕಿಟಕಿಗೆ ಸ್ಟೂಲು ಎಳೆದುಕೊಂಡೆ ಒಂದು ವಾರ.

ಎಂಟೂಕಾಲಕ್ಕೆ ಆಲೂರಿನ ಬಸ್ಸಿನವರು ಬರುತ್ತಾರೆ.
ಕ್ಲಾಸಿರುವುದು ಒಂಬತ್ತೂವರೆಗೆ.
ನಡುವಿನ ಹೊತ್ತು ಯಾವ ವೇಳಾಪಟ್ಟಿಯಲ್ಲೂ ಇಲ್ಲ.
ಒಬ್ಬಳು ಸ್ವೆಟರಿನ ತೋಳಲ್ಲಿ ಬೆಂಚಿನ ಇಬ್ಬನಿ ಒರೆಸಿ
ಡಬ್ಬಿ ಬಿಚ್ಚುತ್ತಾಳೆ: ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ.
ಪೆನ್ಷನ್ ಮೊಹಲ್ಲಾದ ಮುದಸ್ಸಿರ್ ಸಂಪಿಗೆ ಮರಕ್ಕೆ ಬೆನ್ನು ಕೊಟ್ಟು
ಸೆಮಿನಾರಿನ ಭಾಷಣ ಒಪ್ಪಿಸುತ್ತಾನೆ ಕಾಬಾಳೆ ಹೂಗಳಿಗೆ;
ತೊದಲಿದಾಗ ‘ಕ್ಷಮಿಸಿ’ ಎನ್ನುತ್ತಾನೆ, ಅವಕ್ಕೇ.
ಎನ್‌ಸಿಸಿ ಹುಡುಗರು ಬೂಟು ಕಳಚಿ
ಹುಲ್ಲಿನ ಮೇಲೆ ಕಾಲು ಚಾಚಿ ಮಲಗುತ್ತಾರೆ, ಮುಖದ ಮೇಲೆ ಟೋಪಿ.
ಹೂ ನೋಡುವವರು ಒಬ್ಬರೂ ಕಾಣಲಿಲ್ಲ.

ಮಾಲಿ ಸಣ್ಣತಾಯಮ್ಮನನ್ನು ಕೇಳಿದೆ: ನೀವೇ ಹೇಳಿ, ಏನು ಬರೆಯಲಿ?
ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ನೀರು ಚದುರಿಸುತ್ತ
‘ಚಪ್ಲಿ ಬಿಟ್ಟು ಬರ್ಲಿ ಅನ್ನಿ. ಕಾಲ್ಗೆ ಗೊತ್ತಾಯ್ತದೆ.’
ಮತ್ತೆ?
‘ಮತ್ತೇನೂ ಬ್ಯಾಡಿ.’

ಆ ಸಂಜೆ ಯಾರೂ ಇಲ್ಲದ್ದು ನೋಡಿ ಬಿಟ್ಟೆ ಚಪ್ಪಲಿ.
ಹಾಸನದ ಚಳಿ ಹಿಮ್ಮಡಿಯಿಂದ ಹತ್ತಿ ಮಂಡಿಗೆ ಬಂತು.
ಹದಿನೇಳು ವರ್ಷ ಇದೇ ಕಾಂಪೌಂಡಿನಲ್ಲಿ ದುಡಿದಿದ್ದೇನೆ,
ಇಲ್ಲಿ ಇಷ್ಟು ಮೆತ್ತಗೆ ನೆಲವಿದೆಯೆಂದು
ಯಾರೂ ಹೇಳಿರಲಿಲ್ಲ.

ಚಳಿ ಕಳೆದು ಆಷಾಢ ಬಂದರೂ ಕರಡು ಕರಡೇ.
ಅಷ್ಟರಲ್ಲಿ ನ್ಯಾಕ್ ಸಮಿತಿ ಬಂತು.
ಕುಂಡಗಳಿಗೆ ಕೆಮ್ಮಣ್ಣು, ಮರಗಳಿಗೆ ಸುಣ್ಣದ ಪಂಚೆ.
ಗುಲಾಬಿ ಮಡಿಯ ಕೊನೆಯಲ್ಲಿ ಲೆಕ್ಕಕ್ಕೆ ಸೇರದ ಒಂದು ಗಿಡ:
ಬಿಳಿ ಹೂವು, ನಡುವೆ ಹಳದಿ ಮೂಗು.
ಸಮಿತಿಯ ಹಿರಿಯರು ಬಗ್ಗಿ, ಕನ್ನಡಕ ಏರಿಸಿ,
‘ಅಪರೂಪದ ತಳಿಯೇ?’ ಎಂದರು.
ನಾನು ಬಾಟನಿಯವರನ್ನು ನೋಡಿದೆ.
ಬಾಟನಿಯವರು ಆಕಾಶ ನೋಡಿದರು.

ಹಿಂದಿನಿಂದ ದುದ್ದದ ಸಿಂಚನ:
‘ಆಲೂಗೆಡ್ಡೆ ಸಾರ್.
ಹಾಸ್ಟೆಲ್ಲಲ್ಲಿ ಮೊಳಕೆ ಬಂತು ಅಂತ ಬಿಸಾಕಿದ್ರು, ನಾನೇ ಹೂತೆ.
ನಮ್ಮನೆ ಹೊಲದಲ್ಲಿ ಎರಡೆಕರೆ ಹೂ ಬಿಡುತ್ತೆ ಸಾರ್,
ಬಿಟ್ಟಾಗೆಲ್ಲ ಅಂಗಮಾರಿಗೆ ಔಷಧಿ ಹೊಡೆಯೋ ಗಡಿಬಿಡಿ.
ಸುಮ್ನೆ ನಿಂತು ನೋಡಿದ್ದು
ಇಲ್ಲೇ ಮೊದಲು.’

ಹಿರಿಯರು ಏನೋ ಬರೆದುಕೊಂಡರು. ಏನೆಂದು ತಿಳಿಯಲಿಲ್ಲ.

ಭಾದ್ರಪದದಲ್ಲಿ ಅಗೆದಾಗ ಒಂಬತ್ತು ಗೆಡ್ಡೆ,
ಎರಡು ಗೋಲಿಯಷ್ಟೇ.
ಪಂಪ್‌ಹೌಸಿನ ಹಿಂದೆ ಸಣ್ಣತಾಯಮ್ಮನ ಮೂರು ಕಲ್ಲಿನ ಒಲೆ.
ಸಿಪ್ಪೆ ಸಮೇತ ತಿಂದೆವು, ಬಾಯಿ ಸುಟ್ಟುಕೊಂಡು.
(ಉಪ್ಪು ಕ್ಯಾಂಟೀನಿನದು. ನನ್ನ ಲ್ಯಾಬಿನದಲ್ಲ.)

ಪೇಂಟರ್ ಬಂದು ಕೇಳಿದ, ಮ್ಯಾಟರ್ ಕೊಡಿ ಮೇಡಂ.
ಮೊದಲು ಹಸಿರು ಬಳಿ, ಒಣಗಲಿ ಎಂದೆ,
ಅಕ್ಷರ ಆಮೇಲೆ.

ಇನ್ನೂ ನಿಂತಿದೆ ಗೇಟಿನ ಬಳಿ, ಬರೀ ಹಸಿರು.
ನಿನ್ನೆ ಅದರ ನೆತ್ತಿಯ ಮೇಲೆ ಯಾರದೋ ಸಾಕ್ಸು
ಒಣಗುತ್ತಿತ್ತು,
ಜೋಡಿಯಾಗಿ.